ಕ್ರಿಲ್‌ನ ಉದ್ದ ನೋಡಿ ವಯಸ್ಸು ಹೇಳಬೇಡಿ

ಮಾನ್ಯರೇ,

ಸೀಗಡಿಯಂಥ ಪುಟ್ಟ ಕಡಲಜೀವಿ ಕ್ರಿಲ್ ಎಂದೊಡನೆ ಅಂಟಾರ್ಕ್ಟಿಕಾದ ಚಿತ್ರ ಹಾಕಿ, ಇಷ್ಟು ಉದ್ದಕ್ಕೆ ಇಷ್ಟು ವರ್ಷ ಎಂದು ಬರೆದುಬಿಡುವುದು ವಿಜ್ಞಾನ ಬರಹಗಳಲ್ಲಿ ಆಗಾಗ ಕಾಣುತ್ತದೆ. ಉತ್ತರದ ಫ್ಯೋರ್ಡ್‌ಗಳಲ್ಲಿ, ಅಂದರೆ ಬೆಟ್ಟಗಳ ನಡುವೆ ಒಳಚಾಚಿದ ಕಿರಿದಾದ ಕಡಲತೋಳುಗಳಲ್ಲಿ, ಈ ಲೆಕ್ಕ ನಡೆಯುವುದಿಲ್ಲ. ಅಲ್ಲಿನ ಜಾತಿಗಳೇ ಬೇರೆ, ಬೆಳೆಯುವ ಕ್ರಮವೂ ಬೇರೆ.

ನಾರ್ವೆಯ ಟ್ರೊಮ್ಸೊ ಬಳಿಯ ಬಾಲ್ಸ್‌ಫ್ಯೋರ್ಡ್ ಸುಮಾರು 69 ಡಿಗ್ರಿ ಉತ್ತರದಲ್ಲಿದೆ. ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಅಲ್ಲಿ ಸೂರ್ಯ ಮೂಡುವುದಿಲ್ಲ. ಏಪ್ರಿಲ್ ಹೊತ್ತಿಗೆ ಬೆಳಕು ಹೆಚ್ಚಿ ಸಸ್ಯಪ್ಲವಕ, ಅಂದರೆ ನೀರಲ್ಲಿ ತೇಲುವ ಸೂಕ್ಷ್ಮ ಪಾಚಿ, ಉಕ್ಕುತ್ತದೆ. ಥೈಸನೋಯೆಸ್ಸಾ ಇನರ್ಮಿಸ್ ಮತ್ತು ಥೈಸನೋಯೆಸ್ಸಾ ರಾಶೈ ಎಂಬ ಎರಡು ಜಾತಿಗಳು ಮೊಟ್ಟೆ ಬಿಡುವುದು ಇದೇ ಹೊತ್ತಿಗೆ. ಹೊರಬಂದ, ನಾಪ್ಲಿಯಸ್ ಎಂಬ ಮೊದಲ ಹಂತದ ಮರಿ ತಿನ್ನುವುದಿಲ್ಲ, ಮೊಟ್ಟೆಯ ಹಳದಿಯಲ್ಲೇ ದಿನ ದೂಡುತ್ತದೆ. ಕ್ಯಾಲಿಪ್ಟೋಪಿಸ್ ಎಂಬ ನಂತರದ ಹಂತ ತಲುಪಿದ ಮೇಲೆಯೇ ಅದು ಉಣ್ಣತೊಡಗುವುದು. ಆಗ ನೀರಿನಲ್ಲಿ ಪಾಚಿ ಇಲ್ಲದಿದ್ದರೆ ಮರಿಗೆ ಉಳಿಗಾಲವಿಲ್ಲ.

ಇನರ್ಮಿಸ್ ಬೇಸಿಗೆಯಲ್ಲಿ ತಿಂದದ್ದನ್ನು ವ್ಯಾಕ್ಸ್ ಎಸ್ಟರ್ ಎಂಬ ಮೇಣದಂಥ ಕೊಬ್ಬಾಗಿ ಕೂಡಿಡುತ್ತದೆ. ಚಳಿಗಾಲ ಕಳೆಯಲು ಮತ್ತು ವಸಂತಕ್ಕೆ ಅಂಡಾಶಯ ಮಾಗಿಸಲು ಅದೇ ಆಧಾರ. ಇದಕ್ಕಿಂತ ದೊಡ್ಡದಾದ, 40 ಮಿಲಿಮೀಟರ್ ದಾಟಬಲ್ಲ ಮೆಗಾನಿಕ್ಟಿಫೇನಿಸ್ ನಾರ್ವೆಜಿಕಾ ಎಂಬ ಕ್ರಿಲ್, ಕೋಪೆಪಾಡ್ ಎಂಬ ಇನ್ನೂ ಸಣ್ಣ ಕಠಿಣಚರ್ಮಿಗಳನ್ನು ಬೇಟೆಯಾಡುತ್ತದೆ. ಚಳಿಯಲ್ಲೂ ಉಣ್ಣಬಲ್ಲ ಅದಕ್ಕೆ ಕೊಬ್ಬಿನ ಗಂಟು ಅಷ್ಟು ಬೇಕಿಲ್ಲ. ಅದರ ಮೊಟ್ಟೆಯ ಕಾಲವೂ ತುಸು ತಡ. ಹೀಗಿರುವಾಗ ‘ಫ್ಯೋರ್ಡ್‌ನ ಕ್ರಿಲ್’ ಎಂದು ಎಲ್ಲವನ್ನೂ ಒಂದೇ ಮೂಟೆಗೆ ತುಂಬುವುದು ತಪ್ಪು.

ಉದ್ದದ ವಿಷಯ ಇನ್ನೂ ಸೂಕ್ಷ್ಮ. ಕ್ರಿಲ್ ಪೊರೆ ಕಳಚಿಯೇ ಬೆಳೆಯುತ್ತದೆ. ಆದರೆ ವಯಸ್ಕವಾದ ಮೇಲೂ, ಆಹಾರವಿಲ್ಲದಾಗಲೂ ಕಳಚುವುದು ನಿಲ್ಲುವುದಿಲ್ಲ. ಹಾಗೆ ಕಳಚಿದಾಗ ಹೊಸ ಪೊರೆ ಹಳೆಯದಕ್ಕಿಂತ ಚಿಕ್ಕದಾಗಿಬಿಡಬಹುದು. ಬಾಲ್ಸ್‌ಫ್ಯೋರ್ಡ್‌ನಲ್ಲಿ ಬೆಳವಣಿಗೆಯೆಲ್ಲ ವಸಂತದಿಂದ ಶರತ್ಕಾಲದೊಳಗೆ ಮುಗಿಯುತ್ತದೆ, ಮುಂದೆ ನಿಲ್ಲುತ್ತದೆ, ಕೆಲವೊಮ್ಮೆ ಹಿಂದಕ್ಕೂ ಸರಿಯುತ್ತದೆ. ಒಂದು ವರ್ಷದವುಗಳದ್ದೊಂದು, ಎರಡು ವರ್ಷದವುಗಳದ್ದೊಂದು ಎಂದು ಉದ್ದದ ನಕ್ಷೆಯಲ್ಲಿ ಕಾಣುವ ದಿಬ್ಬಗಳು ಆಗ ಒಂದರೊಳಗೊಂದು ಬೆರೆಯಬಹುದು. ತಿಂಗಳು ಹೇಳದ ಅಳತೆಗೆ ಬೆಲೆಯಿಲ್ಲ ಎನ್ನುವುದು ಇದಕ್ಕೇ.

ಅಳೆಯುವಾಗಲೂ ಎಡವುತ್ತಾರೆ. ಕೆಲವರು ಕಣ್ಣಿನ ಹಿಂಬದಿಯಿಂದ, ಕೆಲವರು ತಲೆಯ ಮುಂದಿನ ಕೊಂಬಿನ ತುದಿಯಿಂದ ಹಿಡಿದು ಬಾಲದ ನಡುಫಲಕ ಟೆಲ್ಸನ್‌ವರೆಗೆ ಅಳೆಯುತ್ತಾರೆ. ಒಂದೇ ಪ್ರಾಣಿಗೆ ಎರಡು ಅಂಕಿ ಬರುತ್ತದೆ. ಕೆಡದಿರಲೆಂದು ಫಾರ್ಮಾಲಿನ್ ದ್ರಾವಣದಲ್ಲಿಟ್ಟದ್ದೂ ತುಸು ಕುಗ್ಗಬಹುದು. ಹಗಲಲ್ಲಿ ಆಳದಲ್ಲಿದ್ದು ರಾತ್ರಿ ಮೇಲೇರುವ ಈ ಪ್ರಾಣಿಗೆ ಬಲೆ ಕಾಣುತ್ತದೆ; ದೊಡ್ಡವು ತಪ್ಪಿಸಿಕೊಂಡು ಚಿಕ್ಕವೇ ಸಿಕ್ಕುತ್ತವೆ. ಅದನ್ನು ನೋಡಿ ‘ಹಿರಿಯವು ಸತ್ತಿವೆ’ ಎಂದು ಬರೆದರೆ ಬಲೆಯ ದೋಷ ಕ್ರಿಲ್‌ನ ತಲೆಗೆ ಕಟ್ಟಿದಂತೆ. ರಾತ್ರಿ, ತಳದಿಂದ ಮೇಲ್ಮೈವರೆಗೆ ಓರೆಯಾಗಿ ಎಳೆದ ಬಲೆಯ ಅಂಕಿಯನ್ನು ಹೆಚ್ಚು ನಂಬಬಹುದು. ವಸಂತದಲ್ಲಿ ಸಣ್ಣ ಕಣ್ಣಿನ ಬಲೆಗೆ ಪಾಚಿ ಮೆತ್ತಿಕೊಂಡು ನೀರೇ ಹಾಯದಿರುವುದೂ ಉಂಟು, ಮರಿಗಳನ್ನು ಎಣಿಸುವಾಗ ಇದು ನೆನಪಿರಬೇಕು.

ಇಷ್ಟಾದರೂ ಸಿಕ್ಕ ಕ್ರಿಲ್ ಅಲ್ಲಿಯೇ ಹುಟ್ಟಿದ್ದು ಎನ್ನಲಾಗದು. ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಸಮೂಹದ ಕಾಂಗ್ಸ್‌ಫ್ಯೋರ್ಡೆನ್ ಸುಮಾರು 79 ಡಿಗ್ರಿ ಉತ್ತರದಲ್ಲಿದೆ. ಅಲ್ಲಿಗೆ ಅಟ್ಲಾಂಟಿಕ್ ನೀರು ದಕ್ಷಿಣದಿಂದ ನಾರ್ವೆಜಿಕಾವನ್ನು ಹೊತ್ತು ತರುತ್ತದೆ. ಬಲಿತ ಪ್ರಾಣಿ ಸಿಕ್ಕಿತೆಂದು ಅದು ಅಲ್ಲಿ ಸಂತಾನ ಬೆಳೆಸುತ್ತಿದೆ ಎಂದು ಬರೆಯುವ ಮುನ್ನ ಅದೇ ನೀರಿನಲ್ಲಿ ಮೊಟ್ಟೆ, ನಾಪ್ಲಿಯಸ್ ಸಿಕ್ಕಿವೆಯೇ ಎಂದು ದಯವಿಟ್ಟು ಕೇಳಿ.

– ಸಾಗರ ಜೀವವಿಜ್ಞಾನದ ಅಭ್ಯಾಸಿಗಳು