ಮಗಳಿಗೊಂದು ಪತ್ರ: ಅಲಾವೆರ್ದಿಯ ಫೋಟೊ ನೋಡಿದ ಮೇಲೆ

ಪುಟ್ಟಿ,

ನಿನ್ನೆ ರಾತ್ರಿ ಫೋನಿನಲ್ಲಿ ಆಡಿದ್ದನ್ನೆಲ್ಲ ಮತ್ತೆ ಬರೆಯುವುದಿಲ್ಲ. ನಿನಗೂ ನೆನಪಿದೆ, ನನಗೂ ನೆನಪಿದೆ. ಅಮ್ಮ ಇನ್ನೂ ನನ್ನ ಜೊತೆ ಮಾತಾಡಿಲ್ಲ.

ನೀನು ಕಳಿಸಿದ ಫೋಟೊ ಮಾತ್ರ ಬೆಳಿಗ್ಗೆಯಿಂದ ಹತ್ತು ಸಲ ನೋಡಿದೆ. ಅಲಾವೆರ್ದಿ ಚರ್ಚು, ಹಿಂದೆ ಬೆಟ್ಟಸಾಲು, ಮುಂದೆ ಸ್ವೆಟರ್ ಇಲ್ಲದೆ ನಗುತ್ತಾ ನಿಂತ ನೀನು. ನೀನಿರುವ ಜಾರ್ಜಿಯಾದ ಪೂರ್ವಕ್ಕಿದ್ದ ಕಖೇತಿ ರಾಜ್ಯದ ದೊರೆ ತೈಮುರಾಜ್‌ನನ್ನು ಹೂಳಿದ್ದು ಅಲ್ಲೇ. ಅವನ ತಾಯಿ ಕೇತೆವಾನ್ ರಾಣಿಯ ಅಸ್ಥಿಯಲ್ಲಿ ಸ್ವಲ್ಪ ಭಾಗ ಸೇರಿದ್ದೂ ಅಲ್ಲೇ. ಇನ್ನೊಂದು ಭಾಗವನ್ನು ಪಾದ್ರಿಗಳು 1627ರಲ್ಲಿ ನಮ್ಮ ಪಕ್ಕದ ಗೋವಾಕ್ಕೆ ತಂದರು.

ಹಳೆ ಗೋವಾದಲ್ಲಿ ನಾವು ನೋಡಲು ಹೋಗಿದ್ದ ಆ ಮುರಿದ ಗೋಪುರ ನೆನಪಿದೆಯಾ, ಸಂತ ಆಗಸ್ಟೀನರ ಚರ್ಚಿನದು? ಆಗ ನಿನಗೆ ಆರು ವರ್ಷ. ಫೋಟೊ ತೆಗೆಯೋಣ ಅಂತ ನಿನ್ನ ಕೈ ಬಿಟ್ಟೆ. ತಿರುಗಿದರೆ ನೀನಿಲ್ಲ. ಎತ್ತ ನೋಡಿದರೂ ಒಂದೇ ತರಹದ ಚಿರೇಕಲ್ಲಿನ ಮೋಟು ಗೋಡೆಗಳು. ಕೂಗಿದೆ, ಓಡಿದೆ. ಒಂದು ಚಪ್ಪಲಿ ಎಲ್ಲಿ ಕಳಚಿತೋ ಗೊತ್ತಾಗಲಿಲ್ಲ. ಕೊನೆಗೆ ನೋಡಿದರೆ ನೀನು ಸೂರಿಲ್ಲದ ಒಂದು ಕೋಣೆಯಲ್ಲಿ ಕೆಂಪು ಮಣ್ಣು ಗುಡ್ಡೆ ಮಾಡುತ್ತಾ ಕೂತಿದ್ದೆ. "ಅಪ್ಪಾ, ನೀನೆಲ್ಲಿ ಹೋಗಿದ್ದೆ?" ಅಂತ ನನ್ನನ್ನೇ ಕೇಳಿದೆ.

ಅದೇ ಅವಶೇಷಗಳಲ್ಲಿ ಕೇತೆವಾನಳ ಕೈಮೂಳೆಯ ತುಂಡು ಸಿಕ್ಕಿತ್ತು. ಹೈದರಾಬಾದಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಸಿಸಿಎಂಬಿಯಲ್ಲಿ ಡಿಎನ್ಎ ನೋಡಿದರು. 2021ರಲ್ಲಿ ನಮ್ಮ ಸರ್ಕಾರ ಅದನ್ನು ಜಾರ್ಜಿಯಾಕ್ಕೆ ಒಪ್ಪಿಸಿತು. ಕೈಮೂಳೆ ಅಂತ ಪೇಪರಿನಲ್ಲಿ ಓದಿದ ದಿನ ನನಗೆ ಊಟ ಸೇರಲಿಲ್ಲ.

ಕೇತೆವಾನಳನ್ನು ಇರಾನಿಗೆ ಕಳಿಸಿದ್ದು ಮಗನೇ. 1614ರಲ್ಲಿ ಇರಾನಿನ ದೊರೆ ಶಾ ಅಬ್ಬಾಸ್ ಒತ್ತೆ ಕೇಳಿದ. ರಾಜ್ಯ ಉಳಿದೀತು ಅಂತ ತೈಮುರಾಜ್ ತಾಯಿಯನ್ನೂ ತನ್ನ ಇಬ್ಬರು ಗಂಡುಮಕ್ಕಳನ್ನೂ ಕಳಿಸಿದ. ರಾಜ್ಯವೂ ಉಳಿಯಲಿಲ್ಲ, ಅಬ್ಬಾಸ್ ದಂಡೆತ್ತಿ ಬಂದೇ ಬಂದ. ಮಕ್ಕಳ ಬೀಜ ಒಡೆಸಿದ. ಕೇತೆವಾನ್ ಕ್ರೈಸ್ತ ಮತ ಬಿಡಲು ಒಪ್ಪಲಿಲ್ಲ ಅಂತ 1624ರಲ್ಲಿ ಶಿರಾಜ್‌ನಲ್ಲಿ ಕಾದ ಇಕ್ಕಳದಿಂದ ಹಿಂಸಿಸಿ ಕೊಂದರು. ತೈಮುರಾಜ್ ತಾಯಿಯ ಮೇಲೆ ಕಾವ್ಯ ಬರೆದ. ಆಮೇಲೆ 39 ವರ್ಷ ಬದುಕಿದ. ಕೊನೆಗೆ ಅವನೂ ಇರಾನಿನ ಸೆರೆಯಲ್ಲೇ ಸತ್ತ. ಆ 39 ವರ್ಷ ಅವನು ರಾತ್ರಿ ಹೇಗೆ ಮಲಗಿದನೋ.

ನಾನು ನಿನ್ನನ್ನು ಒತ್ತೆ ಇಟ್ಟಿಲ್ಲ, ಡಾಕ್ಟರ್ ಆಗಲಿ ಅಂತ ಕಳಿಸಿದ್ದು. ಗೊತ್ತು ಪುಟ್ಟಿ. ಆದರೂ ಮೊನ್ನೆ ಇಡೀ ರಾತ್ರಿ ನಿನ್ನ ಫೋನ್ ಸ್ವಿಚ್ ಆಫ್ ಬಂದಾಗ ನಾನು ಮತ್ತೆ ಆ ಗೋಡೆಗಳ ಮಧ್ಯೆ ಒಂಟಿ ಚಪ್ಪಲಿಯಲ್ಲಿ ಓಡುತ್ತಿದ್ದೆ. ಅದಕ್ಕೇ ಬಾಯಿಗೆ ಬಂದದ್ದು ಅಂದೆ. "ವಾಪಸ್ ಬಾ, ಓದಿದ್ದು ಸಾಕು" ಅಂದಿದ್ದು ತಪ್ಪು. ಕ್ಷಮಿಸು.

ಆದರೆ ಊರು ಬಿಟ್ಟು ಹೋಗುವಾಗ ಒಂದು ಮೆಸೇಜ್ ಹಾಕಬೇಕು ಅಲ್ವಾ? ಯಾರ ಕಾರು, ಯಾವ ಹಾದಿ, ಎಷ್ಟು ಹೊತ್ತಿಗೆ ವಾಪಸ್, ಇಷ್ಟು ಸಾಕು. ಪವರ್ ಬ್ಯಾಂಕ್ ಬ್ಯಾಗಿನಲ್ಲೇ ಇರಲಿ. ಚಳಿಯಲ್ಲಿ ಬ್ಯಾಟರಿ ಬೇಗ ಇಳಿಯುತ್ತದೆ. ಸ್ವೆಟರ್ ಹಾಕಿಕೋ. ಪಾಸ್‌ಪೋರ್ಟ್ ಕಾಪಿ... ಸರಿ, ನಿಲ್ಲಿಸುತ್ತೇನೆ.

ನೀನಿರುವ ದೇಶದಲ್ಲೇ ಮೂರನೇ ಗಿಯೋರ್ಗಿ ಅಂತ ದೊರೆ ಇದ್ದ. ತಾನು ಬದುಕಿರುವಾಗಲೇ, 1178ರಲ್ಲಿ, ಮಗಳು ತಾಮಾರ್‌ಗೆ ಕಿರೀಟ ಇಟ್ಟು ಪಕ್ಕದಲ್ಲಿ ಕೂರಿಸಿಕೊಂಡ. ಅವನು ಸತ್ತ ಮೇಲೆ ಸರದಾರರು ಅವಳಿಗೊಬ್ಬ ಗಂಡನನ್ನು ಗೊತ್ತು ಮಾಡಿದರು. ಅವನು ಸರಿಯಿಲ್ಲ ಅಂತ ಬಿಟ್ಟು, ತನಗೆ ಬೇಕಾದವನನ್ನು ಮದುವೆಯಾದಳು. 1213ರವರೆಗೆ ಆಳಿದಳು. ಅಲ್ಲಿನ ಜನ ಅವಳನ್ನು ಮೆಪೆ, ಅಂದರೆ ದೊರೆ ಅಂತಲೇ ಕರೆದರು. ಇದನ್ನು ನಿನಗೆ ಯಾಕೆ ಹೇಳುತ್ತಿದ್ದೇನೆ ಅಂತ ಗೊತ್ತಾಗುತ್ತದೆ. ನಮ್ಮ ಮನೆತನದಲ್ಲಿ ಸಮುದ್ರ ದಾಟಿ ಓದಲು ಹೋದವಳು ನೀನೊಬ್ಬಳೇ. ನೆಂಟರ ಮುಂದೆ ಅದನ್ನು ಎಷ್ಟು ಸಲ ಹೇಳಿದ್ದೇನೋ. ನಿನ್ನ ಮುಂದೆ ಒಂದು ಸಲವೂ ಹೇಳಿಲ್ಲ.

ನಾಳೆ ನಾನು ಫೋನ್ ಮಾಡುವುದಿಲ್ಲ. ನಿನಗೆ ಅನ್ನಿಸಿದಾಗ ನೀನೇ ಮಾಡು. ಚರ್ಚಿನ ಒಳಗೆ ತೈಮುರಾಜ್‌ನ ಸಮಾಧಿ ನೋಡಿದ್ದರೆ ಹೇಗಿದೆ ಅಂತ ಹೇಳು.

ನಿನ್ನ ಅಪ್ಪ