ಕೆರೆಯಂಗಳದ ಪಾಠಕ್ಕೆ ಜೊತೆಯಾದವರಿಗೆ

ನಮ್ಮ ಪ್ರೌಢಶಾಲೆಯ ಎಂಟು ಮತ್ತು ಒಂಬತ್ತನೇ ತರಗತಿ ಮಕ್ಕಳ ಕೆರೆ ಅಧ್ಯಯನಕ್ಕೆ ಈ ತಿಂಗಳಿಗೆ ಒಂದು ವರ್ಷ ತುಂಬಿತು. ಮಳೆ ಪುಸ್ತಕ, ಕಾಲುವೆ ಹರಿವಿನ ಲೆಕ್ಕ, ಮಣ್ಣಿನ ಪಟ್ಟಿ ಎಲ್ಲವನ್ನೂ ಮಕ್ಕಳೇ ಗ್ರಾಮಸಭೆಯ ಮುಂದೆ ಓದಿದರು. ವಿಜ್ಞಾನ, ಗಣಿತ ಶಿಕ್ಷಕರಾದ ನಮ್ಮ ಪಾಲು ಇದರಲ್ಲಿ ಸಣ್ಣದು. ದೊಡ್ಡ ಪಾಲು ಊರಿನವರದು. ವೇದಿಕೆಯ ಮೇಲೆ ಹೇಳಿದ ವಂದನೆ ಅಷ್ಟಕ್ಕೆ ಸಾಲದು. ಯಾರು ಏನು ಕಲಿಸಿದರು ಎಂಬುದನ್ನು ಬರೆದಿಡಬೇಕು ಅನ್ನಿಸಿ ಇದನ್ನು ಬರೆಯುತ್ತಿದ್ದೇವೆ.

ಮೊದಲ ನಮಸ್ಕಾರ ಕೆರೆ ನೀರನ್ನು ಕಾದು, ಹೊಲಗಳಿಗೆ ಬಿಡುವ ನೀರುಗಂಟಿ ತಾತನವರಿಗೆ. ವರ್ಷವಿಡೀ ಹರಿಯುವ ನದಿಯಿಲ್ಲದ ಕೋಲಾರ ಸೀಮೆಯಲ್ಲಿ ಕೆರೆಯೇ ನೀರಿನ ಆಸರೆ. ಆದರೂ ಏರಿ (ಕೆರೆಯ ಮಣ್ಣಿನ ಕಟ್ಟೆ), ತೂಬು (ಹೊಲಕ್ಕೆ ನೀರು ಬಿಡುವ ಕಿಂಡಿ), ಕೋಡಿ (ಹೆಚ್ಚಾದ ನೀರು ಹೊರಹೋಗುವ ಜಾಗ), ರಾಜಕಾಲುವೆ (ಕೆರೆಗೆ ಮಳೆನೀರು ತರುವ ಕಾಲುವೆ), ಅಚ್ಚುಕಟ್ಟು (ಕೆರೆ ನೀರು ಹಾಯುವ ಹೊಲಗದ್ದೆ) ಅಂದರೆ ಈಗಿನ ಮಕ್ಕಳಿಗೆ ಪರೀಕ್ಷೆಗೆ ಓದುವ ಹೆಸರುಗಳು. ಕೋಡಿಕಲ್ಲು ಏರಿಯ ತಲೆಗಿಂತ ತಗ್ಗಿನಲ್ಲೇ ಏಕಿರಬೇಕು ಎಂಬುದನ್ನು ತಾತ ಮಕ್ಕಳನ್ನು ಏರಿ ಮೇಲೆ ನಿಲ್ಲಿಸಿಕೊಂಡು ತೋರಿಸಿದರು. ಹೆಚ್ಚಾದ ನೀರು ಕಲ್ಲಿನ ಮೇಲೆ ಹರಿದು ಹೋಗಬೇಕು, ಮಣ್ಣಿನ ಏರಿಯನ್ನು ಹತ್ತಿ ಹರಿದರೆ ಏರಿಯೇ ಕೊಚ್ಚಿಹೋಗುತ್ತದೆ. ರಾಜಕಾಲುವೆಗೆ ಇಳಿಯುವ ಮುನ್ನ ನೋಡಬೇಕಾದ ಗುರುತನ್ನು ಹೇಳಿಕೊಟ್ಟವರೂ ಅವರೇ. ನೀರು ಇದ್ದಕ್ಕಿದ್ದಂತೆ ಕೆಂಪಗಾಗಿ ಕಸಕಡ್ಡಿ ತೇಲಿಬರತೊಡಗಿದರೆ ಮೇಲೆಲ್ಲೋ ಮಳೆ ಜೋರಾಗಿದೆ, ಆ ಕ್ಷಣವೇ ದಡ ಹತ್ತಬೇಕು. ಮಂಡಿ ದಾಟುವಷ್ಟು ನೀರಿದ್ದ ದಿನ ಅಳತೆಯೇ ಬೇಡ ಎಂಬ ನಿಯಮ ಅವರು ಹಾಕಿದ್ದು. ಅದನ್ನು ಒಮ್ಮೆಯೂ ಸಡಿಲಿಸಿಲ್ಲ.

ಹರಿವಿನ ಅಳತೆಗೆ ಕಾಲುವೆ ನೇರವಾಗಿರುವ 10 ಮೀಟರ್ ಜಾಗ ಬೇಕು. ಮೇಲ್ತುದಿಯಲ್ಲಿ ಒಂದು ಕಿತ್ತಳೆ ಹಣ್ಣು ಬಿಟ್ಟು ಕೆಳತುದಿ ಮುಟ್ಟಲು ಎಷ್ಟು ಸೆಕೆಂಡು ಹಿಡಿಯಿತೆಂದು ನೋಡಬೇಕು. ಥರ್ಮಾಕೋಲ್ ಚೂರನ್ನು ಗಾಳಿ ತಳ್ಳಿಕೊಂಡು ಹೋಗುತ್ತದೆ. ಕಿತ್ತಳೆ ಮುಕ್ಕಾಲು ಭಾಗ ಮುಳುಗಿಯೇ ತೇಲುವುದರಿಂದ ನೀರಿನ ಜೊತೆಗೇ ಸಾಗುತ್ತದೆ. ಐದು ಸಲ ಬಿಟ್ಟು ಸರಾಸರಿ ತೆಗೆಯುವುದು, ದಡಕ್ಕೆ ತಗುಲಿ ನಿಂತದ್ದನ್ನು ಲೆಕ್ಕಕ್ಕೆ ಸೇರಿಸಬಾರದು. ತಳದ ನೀರು ಮೇಲಿನ ನೀರಿಗಿಂತ ನಿಧಾನ, ಹಾಗಾಗಿ ಬಂದ ವೇಗವನ್ನು 0.85ರಿಂದ ಗುಣಿಸಬೇಕು. ಅಗಲ 2 ಮೀಟರ್, ಸರಾಸರಿ ಆಳ 25 ಸೆಂ.ಮೀ., ಹಣ್ಣಿಗೆ ಹಿಡಿದದ್ದು 20 ಸೆಕೆಂಡು ಎಂದುಕೊಳ್ಳಿ. ಸೆಕೆಂಡಿಗೆ ಸುಮಾರು 212 ಲೀಟರ್ ನೀರು ಕೆರೆಗೆ ಬರುತ್ತಿದೆ ಎಂದಾಯಿತು. ಹಣ್ಣಿನಂಗಡಿಯ ಅಕ್ಕ ಪ್ರತಿ ಸಲವೂ ಹಣ್ಣು ಕೊಟ್ಟು ಕಾಸು ತೆಗೆದುಕೊಳ್ಳಲಿಲ್ಲ. ಅಕ್ಕ, ನಿಮ್ಮ ಹಣ್ಣಿನಿಂದ ಮಕ್ಕಳು ದಶಮಾಂಶ ಗುಣಾಕಾರ ಕಲಿತರು.

ಮಳೆಮಾಪನದ ವಿಷಯಕ್ಕೆ ಬಂದರೆ, ಮಾಳಿಗೆ ಬಿಟ್ಟುಕೊಟ್ಟ ಮನೆಗಳವರಿಗೆ ನಾವು ಋಣಿಗಳು. 2 ಲೀಟರಿನ ತಂಪುಪಾನೀಯದ ಬಾಟಲಿಯ ಕುತ್ತಿಗೆ ಕತ್ತರಿಸಿ, ಅದನ್ನೇ ಬೋರಲು ಹಾಕಿದರೆ ಆಲಿಕೆ ಸಿದ್ಧ. ತೊಂದರೆ ಇರುವುದು ಬುಡದಲ್ಲಿ. ಉಬ್ಬುತಗ್ಗಿನ ಬುಡದಿಂದಲೇ ಅಳತೆಪಟ್ಟಿ ಅಂಟಿಸಿದರೆ ಮೊದಲ ಮಿಲಿಮೀಟರುಗಳೆಲ್ಲ ಸುಳ್ಳಾಗುತ್ತವೆ. ಬುಡಕ್ಕೆ ಸಣ್ಣ ಕಲ್ಲು ತುಂಬಿ, ಬಾಟಲಿಯ ಗೋಡೆ ನೇರವಾಗುವ ಮಟ್ಟದವರೆಗೆ ಸಿಮೆಂಟ್ ಹಾಕಿ ಸಮ ಮಾಡಬೇಕು. ಸೊನ್ನೆ ಅಲ್ಲಿಂದ ಶುರು. ಗಾರೆ ಕೆಲಸದ ಅಣ್ಣಂದಿರು ಉಳಿಕೆ ಸಿಮೆಂಟಿನಲ್ಲೇ ಎಲ್ಲ ಬಾಟಲಿಗಳಿಗೂ ಬುಡ ಕಟ್ಟಿಕೊಟ್ಟರು. ಅಕ್ಕಪಕ್ಕದ ಮರ, ಗೋಡೆ ಎಷ್ಟು ಎತ್ತರವೋ ಅದರ ಎರಡು ಪಟ್ಟು ದೂರದಲ್ಲಿ ಬಾಟಲಿ ಇರಬೇಕು, ಇಲ್ಲದಿದ್ದರೆ ಓರೆ ಮಳೆ ತಪ್ಪಿಹೋಗುತ್ತದೆ. ಬೆಳಿಗ್ಗೆ 8.30ಕ್ಕೆ ಓದಿ, ಬರೆದು, ಚೆಲ್ಲುವುದು. ಹವಾಮಾನ ಇಲಾಖೆಯ ಮಳೆ ದಿನ ಮುಗಿಯುವುದೂ ಅದೇ ಹೊತ್ತಿಗೆ.

ಮಕ್ಕಳಿಗೆ ಅತ್ಯಂತ ಕಷ್ಟವಾದದ್ದು ಸೊನ್ನೆಗೂ ಖಾಲಿ ಜಾಗಕ್ಕೂ ಇರುವ ಅಂತರ. ನೋಡಿದಾಗ ಮಳೆ ಇರಲಿಲ್ಲ ಎಂದರೆ ಸೊನ್ನೆ. ನೋಡಲೇ ಇಲ್ಲ ಎಂದರೆ ಅಡ್ಡಗೆರೆ. ಹಬ್ಬಕ್ಕೆ ಊರಿಗೆ ಹೋಗಿ ಬಂದವರು ನಡುವಿನ ದಿನಗಳಿಗೆಲ್ಲ ಸೊನ್ನೆ ಹಾಕಿಬಿಟ್ಟರೆ ತಿಂಗಳ ಮೊತ್ತವೇ ಕೆಡುತ್ತದೆ. ಇದನ್ನು ದಿನವೂ ಕಣ್ಣಿಟ್ಟು ಕಾದವರು ಮನೆಯ ಅಜ್ಜಿಯರು. ತಾರೀಖಿನ ಪಕ್ಕದಲ್ಲಿ ಮಳೆ ನಕ್ಷತ್ರವನ್ನೂ ಬರೆಸಿದವರು ಅವರೇ. ಜೂನ್ ಕೊನೆಯ ಆರಿದ್ರಾ, ಅಕ್ಟೋಬರ್ ಕೊನೆಯ ಸ್ವಾತಿ ಒಂದೇ ಪುಟದಲ್ಲಿ ಮಿಲಿಮೀಟರಿನ ಜೊತೆ ಕೂತಿವೆ. ರೈತರು ಆ ಪುಸ್ತಕವನ್ನು ಕೇಳಿ ತರಿಸಿಕೊಂಡು ನೋಡುವುದಕ್ಕೆ ಅದೇ ಕಾರಣ ಎಂದು ನಮ್ಮ ನಂಬಿಕೆ.

ಕೆರೆ ಗೋಡಿನ, ಅಂದರೆ ಕೆರೆಯ ತಳದಲ್ಲಿ ಕೂತ ಮಣ್ಣಿನ ಪಾಠಕ್ಕೆ ಅಚ್ಚುಕಟ್ಟಿನ ರೈತ ಮಹಿಳೆಯರಿಗೆ ವಂದನೆ. ಗಾಜಿನ ಸೀಸೆಯಲ್ಲಿ ಮೂರನೇ ಒಂದು ಭಾಗ ಮಣ್ಣು, ಮೇಲೆ ನೀರು, ಚಿಟಿಕೆ ಬಟ್ಟೆ ಸೋಪಿನ ಪುಡಿ ಹಾಕಿ ಐದು ನಿಮಿಷ ಕುಲುಕಿ ಇಡುತ್ತೇವೆ. ಒಂದು ನಿಮಿಷಕ್ಕೆ ಮರಳು, ಎರಡು ಗಂಟೆಯಲ್ಲಿ ಹೂಳಿನಂಥ ನಯ ಮಣ್ಣು ಇಳಿಯುತ್ತದೆ. ಜೇಡಿಗೆ ಒಂದೆರಡು ದಿನ ಬೇಕು. ಆಯಾ ಹೊತ್ತಿಗೆ ಸೀಸೆಯ ಮೇಲೆ ಗೆರೆ ಎಳೆಯಬೇಕು, ನಡುವೆ ಸೀಸೆಯನ್ನು ಅಲುಗಿಸಬಾರದು. ಹೆಂಟೆ ಉಳಿದ ಮಣ್ಣು ಹಾಕಿದರೆ ಜೇಡಿಯೂ ಹೆಂಟೆಯಾಗಿಯೇ ಮರಳಿನ ಜೊತೆ ತಳ ಸೇರಿ ಲೆಕ್ಕ ತಪ್ಪುತ್ತದೆ, ಒಣಗಿಸಿ ಪುಡಿಮಾಡಿಯೇ ಹಾಕಬೇಕು. ಈ ಹೆಂಗಸರು ಅದೇ ಮಣ್ಣನ್ನು ನೀರು ಚಿಮುಕಿಸಿ ಬೆರಳ ನಡುವೆ ಹೊಸೆದು, ಬತ್ತಿ ಎಷ್ಟುದ್ದ ಮುರಿಯದೆ ನಿಲ್ಲುತ್ತದೆ ಎಂದು ನೋಡಿ, ಯಾವ ಹೊಲಕ್ಕೆ ಎಷ್ಟು ಗಾಡಿ ಗೋಡು ಹೊಡೆಯಬಹುದೆಂದು ಹೇಳುತ್ತಿದ್ದರು. ಆ ಬೆರಳ ಪರೀಕ್ಷೆಗೂ ನಮ್ಮ ದಾಖಲೆಯಲ್ಲಿ ಒಂದು ಕಲಂ ಇದೆ.

ಮೀನು ಹಿಡಿಯುವ ಅಣ್ಣನವರು ಕಪ್ಪು ಬಿಳಿ ಬಣ್ಣ ಬಳಿದ 20 ಸೆಂ.ಮೀ. ಅಗಲದ ತಟ್ಟೆಯನ್ನು ತೆಪ್ಪದಿಂದ ಇಳಿಬಿಟ್ಟು, ಅದು ಕಣ್ಮರೆಯಾದ ಆಳ, ಮೇಲೆಳೆಯುವಾಗ ಮತ್ತೆ ಕಂಡ ಆಳ ಎರಡನ್ನೂ ಕೂಗಿ ಹೇಳಿದರು. ಎರಡರ ಸರಾಸರಿಯೇ ನೀರಿನ ತಿಳಿ. ಮಕ್ಕಳನ್ನು ತೆಪ್ಪ ಹತ್ತಿಸಲು ಅವರು ಒಪ್ಪಲಿಲ್ಲ, ಅದಕ್ಕೂ ವಂದನೆ.

ಇನ್ನು ಕೆಲವರ ನೆರವು ಯಾವ ಪಟ್ಟಿಯಲ್ಲೂ ಬರುವುದಿಲ್ಲ. ಹೊರಸಂಚಾರದ ದಿನ ಬಿಸಿಯೂಟವನ್ನು ಮುಂಚೆಯೇ ಮಾಡಿ ಕಟ್ಟಿಕೊಟ್ಟ ಅಡುಗೆಯವರು. ಓಆರ್‌ಎಸ್ ಪೊಟ್ಟಣ ಹಿಡಿದು ಜೊತೆಗೆ ನಡೆದ ಆಶಾ ಕಾರ್ಯಕರ್ತೆ. ಹೆಜ್ಜೇನು ಕಟ್ಟಿದ ಮರವನ್ನು ಮುಂದಾಗಿಯೇ ತೋರಿಸಿ ದಾರಿ ಬದಲಿಸಿದ ಕುರಿಗಾಹಿಗಳು. ಎಲ್ಲಕ್ಕಿಂತ ಮುಖ್ಯವಾಗಿ ಏರಿ ಪಕ್ಕದ ಮನೆಯ ಅಮ್ಮ. ಅವರು ತಮ್ಮ ಮನೆಯ ಶೌಚಾಲಯದ ಬಾಗಿಲನ್ನು ಹೆಣ್ಣುಮಕ್ಕಳಿಗೆ ತೆರೆದಿಟ್ಟ ಮೇಲೆಯೇ ಒಂಬತ್ತನೇ ತರಗತಿಯ ಹುಡುಗಿಯರೆಲ್ಲ ದಿನಪೂರ್ತಿ ಕೆರೆ ಬಳಿ ಇರುವಂತಾಯಿತು. ಇಂಥ ಕಲಿಕೆ ಯೋಜಿಸುವ ಯಾವ ಶಾಲೆಯೂ ಉಪಕರಣಕ್ಕಿಂತ ಮೊದಲು ಈ ವ್ಯವಸ್ಥೆ ನೋಡಿಕೊಳ್ಳಬೇಕು. 2020ರ ರಾಷ್ಟ್ರೀಯ ಶಿಕ್ಷಣ ನೀತಿ 6ರಿಂದ 8ನೇ ತರಗತಿಗೆ ಹತ್ತು ಬ್ಯಾಗ್‌ರಹಿತ ದಿನಗಳನ್ನು ಹೇಳಿದೆ. ಆ ದಿನಗಳು ಎಲ್ಲ ಮಕ್ಕಳಿಗೂ ಸಿಗುವುದು ಇಂಥ ಮನೆಗಳಿಂದ.

ಮಳೆ ಪುಸ್ತಕದ ಜೆರಾಕ್ಸ್ ಪ್ರತಿಗಳು ಪಂಚಾಯಿತಿ ಗ್ರಂಥಾಲಯದಲ್ಲಿವೆ. ಮುಂಗಾರಿಗೆ ಮುನ್ನ ಕೆರೆಯ ಮೇಲ್ಭಾಗದಲ್ಲೂ ಬಾಟಲಿ ಇಡುವ ಯೋಚನೆಯಿದೆ. ಆ ಕಡೆ ಮರದ ನೆರಳಿಲ್ಲದ ಮಾಳಿಗೆ ಇರುವವರು, ಬೆಳಿಗ್ಗೆ 8.30ಕ್ಕೆ ಮನೆಯಲ್ಲಿ ಯಾರಾದರೂ ಇರುವವರು, ದಯವಿಟ್ಟು ಶಾಲೆಗೆ ತಿಳಿಸಿ. ಬಾಟಲಿಯನ್ನು ಮಕ್ಕಳೇ ತಂದು ಕೂರಿಸುತ್ತಾರೆ.