ಹೊಸಬರನ್ನ ತಗೊಳ್ಳೋ ಮುಂಚೆ ಇರೋ ಸಿಸ್ಟರ್‌ಗಳನ್ನ ಉಳಿಸ್ಕೊಳ್ಳಿ

ಸಂಪಾದಕರಿಗೆ ನಮಸ್ಕಾರ,

ಆಸ್ಪತ್ರೆಗಳಲ್ಲಿ ಸ್ಟಾಫ್ ಸಾಲ್ತಿಲ್ಲ, ನೇಮಕಾತಿ ಮಾಡಿ ಅಂತ ಎಲ್ರೂ ಹೇಳ್ತಾರೆ, ಸರಿ, ಆದ್ರೆ ಇರೋರು ಯಾಕೆ ಬಿಟ್ಟು ಹೋಗ್ತಿದ್ದಾರೆ ಅಂತ ಕೇಳೋರು ಕಮ್ಮಿ.

ಅಮ್ಮನಿಗೆ ಆಪರೇಷನ್ ಆದಾಗ ಒಂಬತ್ತು ರಾತ್ರಿ ವಾರ್ಡಲ್ಲಿ ಪಕ್ಕದಲ್ಲೇ ಕೂತಿದ್ದೆ. ನೈಟ್ ಶಿಫ್ಟಿಗೆ ಒಬ್ರೇ ಸಿಸ್ಟರು, ಇಪ್ಪತ್ತೆರಡು ಬೆಡ್ಡು. ಒಂದ್ಕಡೆ ಡ್ರಿಪ್ ಖಾಲಿ ಆಯ್ತು ಅಂತ ಕೂಗ್ತಾರೆ, ಇನ್ನೊಂದ್ಕಡೆ ಯಾರಿಗೋ ಏದುಸಿರು, ನಡುವೆ ಫೋನು, ಇದೆಲ್ಲಾ ಆದ್ಮೇಲೆ ಎಲ್ರ ಬಿಪಿ, ಜ್ವರ ರಿಜಿಸ್ಟರಲ್ಲಿ ಬರೀಬೇಕು, ಅದನ್ನೇ ಮತ್ತೆ ಕಂಪ್ಯೂಟರಿಗೂ ಹಾಕ್ಬೇಕು. ಒಂದಿನ ಅಮ್ಮನ ನೋವಿನ ಇಂಜೆಕ್ಷನ್ ಎರಡು ಗಂಟೆ ತಡ ಆಯ್ತು. ಸಿಟ್ಟಲ್ಲಿ ಕೇಳೋಕೆ ಹೋದೆ, ಆಕೆ ನಿಂತ್ಕೊಂಡೇ ನೀರು ಕುಡೀತಿದ್ರು, ಡ್ಯೂಟಿಗೆ ಬಂದ್ಮೇಲೆ ಅದೇ ಮೊದಲ್ನೇ ಸಲ ಅಂತೆ. ಬೆಳಿಗ್ಗೆ ಬರ್ಬೇಕಾದವರು ರಜೆ, ಹಾಗಾಗಿ ಮಧ್ಯಾಹ್ನದ ತನಕ ಮತ್ತೆ ಅವರೇ. ಇನ್ನೇನು ಕೇಳ್ಲಿ ನಾನು.

ಹೊಲಿಗೆ ಬಿಚ್ಚಿಸೋಕೆ ಹೋದಾಗ ಅವರು ಇರ್ಲಿಲ್ಲ, ಕೆಲಸ ಬಿಟ್ರಂತೆ. ಹೊಸದಾಗಿ ಸೇರಿದ್ದ ಹುಡುಗಿಗೆ ಯಾವ ಸಾಮಾನು ಎಲ್ಲಿದೆ ಅಂತ ಹೇಳ್ಕೊಡೋಕೂ ಯಾರಿಗೂ ಪುರುಸೊತ್ತಿಲ್ಲ, ಆಕೆ ಎಷ್ಟು ದಿನ ಇರ್ತಾರೋ.

ಇದು ಬರೀ ನೌಕರರ ಕಷ್ಟ ಅಲ್ಲ ಸ್ವಾಮಿ, ರೋಗಿಗಳ ಪ್ರಾಣದ ವಿಷಯ. ಅಮೆರಿಕದ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳನ್ನ ನರ್ಸಿಂಗ್ ಸಂಶೋಧಕಿ ಲಿಂಡಾ ಐಕೆನ್ ಅವರ ತಂಡ ಅಧ್ಯಯನ ಮಾಡಿ 2002ರಲ್ಲಿ ವರದಿ ಕೊಡ್ತು. ಒಬ್ಬ ನರ್ಸ್ ಮೇಲೆ ಒಬ್ಬ ಪೇಷೆಂಟ್ ಹೆಚ್ಚಾದ್ರೂ, ಆಪರೇಷನ್ ಆದವರು ಆಸ್ಪತ್ರೆ ಸೇರಿದ 30 ದಿನದೊಳಗೆ ಸಾಯೋ ಸಂಭವ ಶೇ 7ರಷ್ಟು ಜಾಸ್ತಿ ಇತ್ತು. ನರ್ಸ್‌ಗಳ ಬಳಲಿಕೆನೂ ಹಾಗೇ ಏರಿತ್ತು. ಕ್ಯಾಲಿಫೋರ್ನಿಯಾದಲ್ಲಿ 2004ರಿಂದ ಇದಕ್ಕೆ ಕಾನೂನೇ ಜಾರಿಲಿದೆ, ಐಸಿಯುನಲ್ಲಿ ಒಬ್ಬ ನರ್ಸ್‌ಗೆ ಇಬ್ಬರಿಗಿಂತ ಹೆಚ್ಚು ಪೇಷೆಂಟ್ ಕೊಡೋ ಹಾಗಿಲ್ಲ, ಸಾಮಾನ್ಯ ವಾರ್ಡಲ್ಲಿ ಐವರಿಗಿಂತ ಹೆಚ್ಚಿಲ್ಲ.

ಸಂಬಳ ಹೆಚ್ಚಿಸ್ಬೇಕು, ಟೈಮಿಗೂ ಕೊಡ್ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಡಬಲ್ ಡ್ಯೂಟಿ ನಿಲ್ಲದೆ ಬರೀ ಸಂಬಳ ಏರಿಸಿದ್ರೆ ಜನ ನಿಲ್ಲಲ್ಲ. ಮುಂದಿನ ಪಾಳಿಯವರಿಗೆ ಚಾರ್ಜ್ ಕೊಡೋ ಅರ್ಧ ಗಂಟೆನೂ ಡ್ಯೂಟಿ ಅಂತಾನೇ ಲೆಕ್ಕ ಹಿಡೀರಿ, ಸ್ಟ್ರೆಚರ್ ತಳ್ಳೋಕೆ, ಲ್ಯಾಬಿಗೆ ಸ್ಯಾಂಪಲ್ ಒಯ್ಯೋಕೆ ಬೇರೆ ಜನ ಇಡಿ, ಒಂದೇ ವಿಷಯ ಎರಡೆರಡು ಕಡೆ ಬರ್ಸೋದು ಬಿಡಿ.

ಜೊತೆಗೆ ಪ್ರತಿ ವಾರ್ಡಿನ ಬಾಗಿಲಲ್ಲಿ, ಈ ಪಾಳಿಲಿ ಎಷ್ಟು ಪೇಷೆಂಟು, ಎಷ್ಟು ಸಿಸ್ಟರು ಅಂತ ಬೋರ್ಡ್ ಹಾಕಿ. ಮ್ಯಾನೇಜ್‌ಮೆಂಟಿನವರು ರೌಂಡ್ಸಿಗೆ ಬಂದಾಗ ಮೊದಲು ಅದನ್ನೇ ಓದ್ಲಿ.

ಇಂತಿ,
ಒಬ್ಬ ಓದುಗ